ಚಾಚಿದ ಕೈ

ಸಿಟ್ಟು ಬಂದಾಗ ಮಾನಸಿ ಬಾಯಿ ಮುಚ್ಚಿಕೊಂಡು ಜೋರಾಗಿ ನಡೆಯುತ್ತಾಳೆ. ಆ ಭಾನುವಾರ ಬೆಳಿಗ್ಗೆ ಅವಳು ಮುಂಬೈ ಹತ್ತಿರದ ಘೋಡ್‌ಬಂದರ್ ಕೋಟೆಯ ಏರು ಹತ್ತಿದ ರಭಸ ನೋಡಿ, ಹಿಂದಿನಿಂದ ಏದುಸಿರು ಬಿಡುತ್ತ ಬರುತ್ತಿದ್ದ ಕುಶಲ, ಈ ಹುಡುಗಿಗೆ ಇತಿಹಾಸವೆಂದರೆ ಪ್ರಾಣವಿರಬೇಕು ಅಂದುಕೊಂಡ. ಅವನ ತಪ್ಪೇನಿಲ್ಲ. ಅವಳನ್ನು ಅವನು ಮೊದಲ ಸಲ ನೋಡಿದ್ದೇ ಅರ್ಧ ಗಂಟೆಯ ಹಿಂದೆ.

"ಸ್ವಲ್ಪ ನಿಧಾನ ಹೋಗು ಮಾರಾಯ್ತಿ! ಕೋಟೆ ಎಲ್ಲಿಗೂ ಓಡಿ ಹೋಗುದಿಲ್ಲ," ಎಂದು ಅನಸೂಯಾ ದೊಡ್ಡಮ್ಮ ಕೆಳಗಿನಿಂದ ಕೂಗಿದರು. ಅವರು ಮಾನಸಿಯ ಅಮ್ಮನ ಅಕ್ಕ. ಡೊಂಬಿವಲಿಯ ಆ ಮನೆಯಲ್ಲಿ ಗ್ಯಾಸ್ ಬುಕ್ ಮಾಡುವುದರಿಂದ ಹಿಡಿದು ಮದುವೆ ಮಾತಿನವರೆಗೆ ಎಲ್ಲ ಅವರದೇ ಕಾರುಬಾರು.

ಇವತ್ತಿನದೂ ಅವರದೇ ಕಾರುಬಾರು. ಕುಶಲ ನೆರೂಳಿನವನು, ಬ್ಯಾಂಕಿನಲ್ಲಿ ಒಳ್ಳೆಯ ಕೆಲಸ, ಮನೆಯವರು ಕಾಪು ಕಡೆಯವರು. ಹುಡುಗಿ ನೋಡುವುದು ಅಂದರೆ ಈಗಿನವರು ಮುಖ ಗಂಟು ಹಾಕುತ್ತಾರೆಂದು ದೊಡ್ಡಮ್ಮ ಅದಕ್ಕೆ 'ಕೋಟೆ ನೋಡುವುದು' ಎಂದು ಹೆಸರಿಟ್ಟಿದ್ದರು. ಹಳೆಯ ಕೋಟೆಯನ್ನು ಚೆಂದ ಮಾಡಿ ತೆರೆದಿದ್ದಾರಂತೆ, ಗಾಳಿ ಒಳ್ಳೆಯದಂತೆ, ಹತ್ತಿರದಲ್ಲೇ ಒಂದು ಬೇಕರಿಯಂತೆ. ಮಧ್ಯಾಹ್ನ ಊಟಕ್ಕೆ ಮನೆ ಸೇರುವುದರೊಳಗೆ ಮಾನಸಿ ಹೂಂ ಅಥವಾ ಉಹೂಂ ಹೇಳಬೇಕು. ಕುಶಲನ ಅಮ್ಮ ಫೋನಿಗೆ ಕಾಯುತ್ತಿರುತ್ತಾರೆ.

ಹೂಂ ಅನ್ನುವುದೆಂದು ಅವಳು ಆಗಲೇ ತೀರ್ಮಾನಿಸಿಯಾಗಿತ್ತು. ಜಾಗ ಯಾವುದೆಂದು ಕೇಳಿದಾಗ ಬೇಡವೆನ್ನಬಹುದಿತ್ತು. ಬೇಕೆಂದೇ ಒಪ್ಪಿದಳು. ಇದೇ ಕೋಟೆಯಲ್ಲಿ ನಿಂತು ಇನ್ನೊಬ್ಬನಿಗೆ ಹೂಂ ಅಂದು, ಒಂದೂವರೆ ವರ್ಷದಿಂದ ಹೊಟ್ಟೆಯಲ್ಲಿಟ್ಟುಕೊಂಡ ಉರಿಯನ್ನು ಇಲ್ಲೇ ಆರಿಸಿ ಹೋಗಬೇಕು. ಅದು ಅವಳ ಹಟ.

ಉರಿಯ ಹೆಸರು ಜಯೇಶ್.

ಐರೋಲಿಯ ಅವಳ ಆಫೀಸು ಕಟ್ಟಡದ ಕೆಳಗೆ ತಿಂಡಿ ಕೌಂಟರಿನಲ್ಲಿ ನಿಲ್ಲುತ್ತಿದ್ದ ವಿಠ್ಠಲವಾಡಿಯ ಹುಡುಗ. ಪರಿಚಯವಾಗಿದ್ದೇ ಜಗಳದಿಂದ. "ಈ ಪ್ಯಾಟೀಸಿನಲ್ಲಿ ಉಪ್ಪು ಎಲ್ಲಿದೆ?" ಎಂದು ಅವಳು ಹಿಂದಿಯಲ್ಲಿ ರೇಗಿದಾಗ ಅವನು ಉಪ್ಪಿನ ಡಬ್ಬಿಯನ್ನೇ ಮುಂದಿಟ್ಟು ನಕ್ಕಿದ್ದ. ಮರುದಿನ ಖಾರ ಜಾಸ್ತಿ ಎಂದು ರೇಗಿದಳು. ಅದರ ಮರುದಿನ ರೇಗಲು ಕಾರಣ ಸಿಗಲಿಲ್ಲ, ಆದರೂ ಹೋದಳು. ಇಬ್ಬರ ಮನೆಯವರೂ ತುಳುನಾಡಿನವರೇ ಎಂದು ಗೊತ್ತಾದ ಮೇಲೆ ಅವನ ಮುರುಕಲು ಕನ್ನಡ ಕೇಳುವುದೇ ಅವಳಿಗೊಂದು ಆಟವಾಯಿತು. ಮನೆಯಿಂದ ಡಬ್ಬಿಯಲ್ಲಿ ತರುತ್ತಿದ್ದ ಅಮ್ಮನ ಕೈಯ ಕಾಯಿಬೆಲ್ಲದ ಕಡುಬನ್ನು ಅರ್ಧ ಮುರಿದು ಕೊಟ್ಟರೆ, ಅವನು ಕಣ್ಣು ಮುಚ್ಚಿಕೊಂಡು ತಿನ್ನುತ್ತಿದ್ದ. ಅವನು ಕಣ್ಣು ಮುಚ್ಚಿದ್ದಾಗ ಅವಳು ಅವನ ರೆಪ್ಪೆಗಳನ್ನು ನೋಡುತ್ತಿದ್ದಳು. ಅವನು ಕಣ್ಣು ತೆರೆದ ಕೂಡಲೇ ಗೋಡೆಯ ಗಡಿಯಾರ ನೋಡುತ್ತಿದ್ದಳು.

"ಟೈಮ್ ಎಷ್ಟಾಯ್ತು?" ಎಂದು ಅವನು ಕೇಳುತ್ತಿದ್ದ, ತುಟಿ ಬಿಗಿಹಿಡಿದು. ಆ ಗಡಿಯಾರ ನಿಂತು ಯಾವ ಕಾಲವಾಗಿತ್ತೋ.

ಒಂದು ರಜೆಯ ದಿನ ಬೈಕಿನಲ್ಲಿ ಇಲ್ಲಿಗೇ ಬಂದಿದ್ದರು. ಆಗ ಕೋಟೆಗೆ ಬಿದಿರಿನ ಅಟ್ಟಣಿಗೆ ಕಟ್ಟಿತ್ತು, ಒಳಗೆ ಬಿಡಲಿಲ್ಲ. ರಸ್ತೆ ಬದಿಯ ಗಾಡಿಯಲ್ಲಿ ಚಹಾಕ್ಕೆ ಖಾರಿ ಬಿಸ್ಕತ್ತು ಅದ್ದಿ ತಿಂದರು. "ರಿಪೇರಿ ಮುಗಿಯಲಿ, ಆಗ ಬರೋಣ," ಎಂದು ಅವಳು ಅಂದಿದ್ದಳು. "ಇಲ್ಲೊಂದು ಒಳ್ಳೆ ಬೇಕರಿ ಇದ್ದಿದ್ರೆ ಇನ್ನೂ ಚೆಂದ ಇತ್ತು."

ಆಮೇಲೆ ಬಂದದ್ದು ಆ ಶ್ರಾವಣ. ಜಯೇಶ್ ಅಪ್ಪನಿಗೂ ಹೇಳದೆ, ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು, ಡೊಂಬಿವಲಿಯ ಮನೆಗೆ ತಾನೇ ಬಂದ. ದೊಡ್ಡಮ್ಮ ಕಾಫಿ ಕೊಟ್ಟರು. ಎಲ್ಲರೂ ಕೇಳುವ ಹಾಗೆ ಒಂದೇ ಪ್ರಶ್ನೆ ಕೇಳಿದರು. "ಬರಿ ಯಾವುದು ಮಗಾ?"

"ಸಾಲ್ಯಾನ್," ಎಂದ ಜಯೇಶ್.

ತುಳುನಾಡಿನ ಇವರ ಪೈಕಿಯಲ್ಲಿ ಪ್ರತಿಯೊಬ್ಬರಿಗೂ ಒಂದು ಬರಿ, ಅಂದರೆ ಕುಲ. ಒಂದೇ ಬರಿಯವರು ಎಷ್ಟೇ ದೂರದವರಾಗಲಿ ಅಣ್ಣ-ತಂಗಿ ಲೆಕ್ಕ, ಮದುವೆ ಕೂಡದು. ದೊಡ್ಡಮ್ಮನದು, ಅಮ್ಮನದು, ಮಾನಸಿಯದು, ಮೂವರದೂ ಸಾಲ್ಯಾನ್ ಬರಿಯೇ.

"ಅಯ್ಯೋ ದೇವರೇ, ನೀವಿಬ್ಬರು ಅಣ್ಣ ತಂಗಿ ಆದ್ರಲ್ಲ!" ಎಂದರು ದೊಡ್ಡಮ್ಮ. ಬೈಯಲಿಲ್ಲ, ಕೂಗಾಡಲಿಲ್ಲ. ಮರುದಿನ ರಾಖಿ ಹಬ್ಬವಿತ್ತು. ಶೋಕೇಸಿನ ಮೇಲಿಟ್ಟಿದ್ದ ರಾಖಿಗಳಲ್ಲಿ ಒಂದನ್ನು ತಂದು ಮಾನಸಿಯ ಕೈಗಿತ್ತರು. "ಕಟ್ಟಿಬಿಡು ಮಗಳೇ. ಎಲ್ಲರ ಮನಸ್ಸಿಗೂ ಸಮಾಧಾನ."

ಮಾನಸಿ ಜಯೇಶನ ಮುಖ ನೋಡಿದಳು. ಈಗ ಏಳುತ್ತಾನೆ, ಈಗ ಏನಾದರೂ ಅನ್ನುತ್ತಾನೆ, ಕೊನೆಗೆ ಬಾಗಿಲು ಬಡಿದುಕೊಂಡಾದರೂ ಹೋಗುತ್ತಾನೆ ಎಂದು ಕಾದಳು. ಅವನು ತಲೆ ತಗ್ಗಿಸಿ ಬಲಗೈ ಚಾಚಿದ.

ಅವಳು ರಾಖಿಯನ್ನು ಅವನ ಕಾಫಿ ಲೋಟದೊಳಗೆ ಹಾಕಿ ಒಳಗೆ ಹೋದಳು. ಆ ರಾತ್ರಿಯೇ ಅವನ ನಂಬರು ಬ್ಲಾಕ್ ಮಾಡಿದಳು. ಅವನು ಕೌಂಟರಿನ ಕೆಲಸವನ್ನೂ ಬಿಟ್ಟ. ಬರಿ ಒಂದಾದದ್ದಕ್ಕೆ ಅವಳಿಗೆ ದುಃಖವಿತ್ತು. ಸಿಟ್ಟು ಇದ್ದದ್ದು ಆ ಚಾಚಿದ ಕೈಯ ಮೇಲೆ.

ಕೋಟೆ ನಿಜಕ್ಕೂ ಚೆಂದವಾಗಿತ್ತು. ಹಳೆಯ ಕಲ್ಲುಗಳ ಸಂದಿಗೆ ಹೊಸ ಗಾರೆ, ಕಮಾನುಗಳ ಕೆಳಗೆ ತೊಳೆದಿಟ್ಟಂಥ ನೆಲ, ಬುರುಜಿನ ಸುತ್ತ ಹುಲ್ಲುಹಾಸು, ಅದರ ಮೇಲೆ ನಡೆಯಬೇಡಿ ಎಂಬ ಬೋರ್ಡು, ಬೋರ್ಡಿಗೆ ಒರಗಿಕೊಂಡು ಫೋಟೋ ತೆಗೆಸಿಕೊಳ್ಳುವ ಜನ. ಮೇಲೆ ನಿಂತರೆ ಖಾಡಿಯ, ಅಂದರೆ ಕಡಲ ಹಿನ್ನೀರಿನ, ಹರವು ಕಾಣುತ್ತಿತ್ತು. ಇಷ್ಟೆಲ್ಲ ಚೆಂದ ಇರಬೇಕಾಗಿರಲಿಲ್ಲ ಅನ್ನಿಸಿ ಮಾನಸಿಗೆ ಮತ್ತಷ್ಟು ಸಿಟ್ಟು ಬಂತು.

"ನಿಮಗೆ ಹಿಸ್ಟರಿ ಇಷ್ಟವಾ?" ಕುಶಲ ಕೇಳಿದ.

"ಇಲ್ಲ."

"ಟ್ರೆಕ್ಕಿಂಗ್?"

"ಇಲ್ಲ."

"ನನ್ನ ಮೇಲೆ ಏನಾದ್ರೂ ಕೋಪ ಉಂಟಾ?"

"ಇಲ್ಲ."

"ಮೂಗು ಕೆಂಪಾಗಿದೆ ಅಂತ ಕೇಳಿದೆ."

"ಬಿಸಿಲು," ಎಂದಳು. ಫೆಬ್ರವರಿಯ ಎಳೆ ಬಿಸಿಲಿಗೆ ಯಾರ ಮೂಗೂ ಕೆಂಪಾಗುವುದಿಲ್ಲ. ಕುಶಲ ಅದನ್ನು ಎತ್ತಿ ಆಡಲಿಲ್ಲ. ಬ್ಯಾಗಿನಿಂದ ನೀರಿನ ಬಾಟಲಿ ತೆಗೆದು ಕೊಟ್ಟು, ಅತ್ತ ತಿರುಗಿ ಕಮಾನಿನ ಫೋಟೋ ತೆಗೆಯತೊಡಗಿದ. ಒಳ್ಳೆಯ ಹುಡುಗ. ಅವನು ಒಳ್ಳೆಯವನಾಗಿದ್ದಕ್ಕೂ ಅವಳಿಗೆ ರೇಗಿತು. ಸ್ವಲ್ಪ ಜಂಬದವನೋ ಜಿಪುಣನೋ ಆಗಿದ್ದರೆ ಬೇಡವೆನ್ನಲು ಒಂದು ನೆಪವಾದರೂ ಸಿಗುತ್ತಿತ್ತು.

ಇರಲಿ, ಕೆಳಗೆ ಹೋಗಿ ದೊಡ್ಡಮ್ಮನಿಗೆ ಹೂಂ ಅಂದುಬಿಡುವುದು ಎಂದು ಅವಳು ಇಳಿಯತೊಡಗಿದಳು. ಹತ್ತಿದ್ದಕ್ಕಿಂತ ಜೋರಾಗಿ ಇಳಿದಳು.

ಮೊಣಕಾಲು ನೋವಿನ ದೆಸೆಯಿಂದ ದೊಡ್ಡಮ್ಮ ಅರ್ಧ ದಾರಿಯಲ್ಲೇ ಹಿಂತಿರುಗಿ, ಕೋಟೆಯ ಬುಡದಲ್ಲಿದ್ದ ಬೇಕರಿಯ ಬೆಂಚಿನಲ್ಲಿ ಕೂತಿದ್ದರು. 'ಕಿಲ್ಲಾ ಬೇಕರಿ' ಎಂದು ಮರಾಠಿಯಲ್ಲಿ ಬೋರ್ಡು. ಗಾಜಿನ ಕಪಾಟಿನಲ್ಲಿ ಖಾರಿ, ಮಾವಾ ಕೇಕು, ನಾನ್‌ಖಟಾಯಿ. ಗಲ್ಲಾದ ಹಿಂದೆ ಹಿರಿಯರೊಬ್ಬರು ರಟ್ಟಿನ ಡಬ್ಬಿಗಳಿಗೆ ಕೆಂಪು ದಾರ ಕಟ್ಟುತ್ತಿದ್ದರು. ಅವರ ಜೊತೆ ದೊಡ್ಡಮ್ಮನ ಪಟ್ಟಾಂಗ ಆಗಲೇ ರಂಗೇರಿತ್ತು.

"ಮಾನಸೀ, ಬಾ ಇಲ್ಲಿ. ಇವರು ನಮ್ಮವರೇ! ದಯಾನಂದ ಅಂತ, ಪಡುಬಿದ್ರಿ ಕಡೆ. ಮೊದಲು ತುರ್ಭೆಯಲ್ಲಿ ಕ್ಯಾಂಟೀನ್ ಇತ್ತಂತೆ."

ಮಾನಸಿ ನಮಸ್ಕಾರ ಮಾಡಿದ ಹಾಗೆ ಮಾಡಿ ಬೆಂಚಿನ ತುದಿಯಲ್ಲಿ ಕೂತಳು. ಕುಶಲ ಹಿಂದೆಯೇ ಬಂದು, ಕಪಾಟಿನಲ್ಲಿ ಕಂಡದ್ದೆಲ್ಲ ಒಂದೊಂದು ಹೇಳಿ ತಟ್ಟೆ ತುಂಬಿಸಿಕೊಂಡು ಬಂದ.

"ಈ ಪಫ್ ತಿನ್ನಿ. ಈಗಷ್ಟೇ ಒಲೆಯಿಂದ ತೆಗೆದದ್ದಂತೆ. ಒಳಗೆ ಏನೋ ಸಿಹಿ ಉಂಟು."

ಮಾನಸಿ ಕಚ್ಚಿದಳು. ಹೊರಗಿನ ಪದರಗಳು ಪುಡಿಪುಡಿಯಾಗಿ ಮಡಿಲಿಗೆ ಉದುರಿದವು. ಒಳಗೆ ಕಾಯಿಬೆಲ್ಲ. ಕಾಯಿಬೆಲ್ಲದಲ್ಲಿ ಹುರಿದ ಎಳ್ಳು, ಎಳ್ಳಿನ ಹಿಂದಿನಿಂದ ನಾಲಿಗೆಯನ್ನು ಮೆಲ್ಲಗೆ ಚುಚ್ಚುವ ಕಾಳುಮೆಣಸು. ಈ ಜಗತ್ತಿನಲ್ಲಿ ಕಾಯಿಬೆಲ್ಲಕ್ಕೆ ಕಾಳುಮೆಣಸು ಹಾಕುವವರು ಅವಳಿಗೆ ಗೊತ್ತಿದ್ದ ಹಾಗೆ ಒಬ್ಬರೇ. ಅವಳ ಅಮ್ಮ.

ಅವಳು ತಲೆಯೆತ್ತಿದಳು. ಒಳಗಿನ ಬಾಗಿಲಲ್ಲಿ, ಪಫ್ ತುಂಬಿದ ಕಬ್ಬಿಣದ ತಟ್ಟೆ ಹಿಡಿದು, ಜಯೇಶ್ ನಿಂತಿದ್ದ.

ಹುಬ್ಬಿನ ಮೇಲೆ ಮೈದಾ. ಸ್ವಲ್ಪ ಸೊರಗಿದ್ದ. ಅವನ ನೋಟ ಮೊದಲು ಅವಳ ಕಣ್ಣಿಗೆ ಬಂತು, ಅಲ್ಲಿ ನಿಲ್ಲಲಾರದೆ ಅವಳ ಕೈಯಲ್ಲಿದ್ದ ಅರ್ಧ ಪಫ್‌ಗೆ ಇಳಿಯಿತು, ಅಲ್ಲಿಂದ ಪಕ್ಕದಲ್ಲಿದ್ದ ಕುಶಲನ ಕಡೆ ಹೋಗಿ, ಕುಶಲನ ಹೊಸ ಶರ್ಟನ್ನೂ ದೊಡ್ಡಮ್ಮನ ರೇಷ್ಮೆ ಸೀರೆಯನ್ನೂ ನೋಡಿ, ಎಲ್ಲ ಅರ್ಥ ಮಾಡಿಕೊಂಡು, ಮತ್ತೆ ಅವಳ ಕಣ್ಣಿಗೇ ಬಂತು. ಅವಳು ರೆಪ್ಪೆ ಬಡಿಯಲಿಲ್ಲ. ನೋಟದಲ್ಲೇ ಸುಡುವ ಶಕ್ತಿ ಇದ್ದಿದ್ದರೆ ಆ ದಿನ ಬೇಕರಿಗೆ ಒಲೆ ಬೇಕಾಗಿರಲಿಲ್ಲ.

ಇತ್ತ ದೊಡ್ಡಮ್ಮನಿಗೆ ಇದಾವುದೂ ಕಾಣಿಸಲಿಲ್ಲ. ಊರಿನವರು ಸಿಕ್ಕಿದರೆ ನಂಟಸ್ತಿಕೆಯ ಬೇರು ಹುಡುಕದೆ ಅವರು ಬಿಡುವವರಲ್ಲ.

"ನಿಮ್ಮ ಬರಿ ಯಾವುದು?"

"ಸಾಲ್ಯಾನ್," ಎಂದರು ದಯಾನಂದ.

"ಅಯ್ಯ, ನಮ್ಮದೂ ಅದೇ! ಹಾಗಾದ್ರೆ ನೀವು ನನಗೆ ತಮ್ಮ ಆಗ್ಬೇಕು."

"ಆಯ್ತಲ್ಲ ಅಕ್ಕ, ಒಳ್ಳೆಯದೇ ಆಯ್ತು," ದಯಾನಂದ ನಕ್ಕರು.

"ಹೆಂಡತಿ ಎಲ್ಲಿಯವರು?"

"ಅವಳು ತೀರಿಹೋಗಿ ಕಾಲ ಆಯ್ತು ಅಕ್ಕ. ಉಚ್ಚಿಲದವಳು. ಬಂಗೇರ ಬರಿ. ಒಬ್ಬನೇ ಮಗ, ಅವನಿಗೆ ನಾಲ್ಕು ವರ್ಷ ಆಗ."

"ಛೆ, ಪಾಪ. ಹಾಗಾದ್ರೆ ಮಗ ಬಂಗೇರ. ನೀವು ನನಗೆ ತಮ್ಮ, ಅಂದ್ರೆ ಇವಳಿಗೆ ಸೋದರಮಾವ. ನಿಮ್ಮ ಮಗ ಇವಳಿಗೆ ಮಾವನ ಮಗ ಆಗ್ತಾನೆ!" ದೊಡ್ಡಮ್ಮ ಕುಶಲನ ಕಡೆ ತಿರುಗಿ ತಮಾಷೆ ಮಾಡಿದರು. "ನೋಡಪ್ಪ ಕುಶಲ, ಹಳೇ ಕಾಲ ಆಗಿದ್ರೆ ಮೊದಲು ಅವನನ್ನು ಕೇಳ್ಬೇಕಿತ್ತು. ಮಾವನ ಮಗನಿಗೇ ಮೊದಲ ಹಕ್ಕು. ಎಲ್ಲಿ ನಿಮ್ಮ ಮಗ? ಕರೀರಿ, ನೋಡುವ."

ಜಯೇಶ್ ತಟ್ಟೆ ಹಿಡಿದುಕೊಂಡೇ ಮುಂದೆ ಬಂದ.

ದೊಡ್ಡಮ್ಮನ ನಗು ಬಾಯಲ್ಲೇ ನಿಂತಿತು. ಕಾಫಿ ಲೋಟದಲ್ಲಿ ರಾಖಿ ಮುಳುಗಿದ ಆ ದಿನವನ್ನು ಅವರೂ ಮರೆತಿರಲಿಲ್ಲ.

ಮಾನಸಿಗೆ ಲೆಕ್ಕ ಬಿಡಿಸಲು ಒಂದು ಗಳಿಗೆ ಹಿಡಿಯಿತು. ಬರಿ ಬರುವುದು ತಾಯಿಯಿಂದ. ಅದು ಅವಳಿಗೆ ಚಿಕ್ಕಂದಿನಿಂದ ಗೊತ್ತು. ಆದರೆ ಮುಂಬೈ ಕಡೆ ಮಕ್ಕಳನ್ನು ಶಾಲೆಗೆ ಸೇರಿಸುವಾಗ ಅಪ್ಪನ ಬರಿಯೇ ಅಡ್ಡಹೆಸರಾಗಿ ಹಿಂದೆ ಕೂತುಬಿಡುತ್ತದೆ. ತಾಯಿಯಿಲ್ಲದೆ, ವಿಠ್ಠಲವಾಡಿಯ ಮರಾಠಿ ನೆರೆಮನೆಗಳಲ್ಲಿ ಉಂಡು ಬೆಳೆದ ಜಯೇಶ್, ಅವರಲ್ಲಿ ನಡೆಯುವ ಹಾಗೆ ಅಪ್ಪನ ಕುಲವೇ ತನ್ನ ಕುಲ ಅಂದುಕೊಂಡು, ಅಡ್ಡಹೆಸರನ್ನೇ ಬರಿ ಎಂದು ಹೇಳಿದ್ದ. ದೊಡ್ಡಮ್ಮ ಅಣ್ಣನೆಂದು ರಾಖಿ ಕಟ್ಟಿಸಲು ಹೊರಟಿದ್ದ ಹುಡುಗ ಲೆಕ್ಕದಲ್ಲಿ ಮಾವನ ಮಗ.

"ದೊಡ್ಡಮ್ಮ," ಎಂದಳು ಮಾನಸಿ. ದನಿ ಸಣ್ಣಗಿತ್ತು. "ಅವತ್ತು ತಾಯಿ ಬರಿ ಯಾವುದು ಅಂತ ಯಾಕೆ ಕೇಳಲಿಲ್ಲ?"

"ಬರಿ ಕೇಳಿದ್ರೆ ಯಾರಾದ್ರೂ ತಾಯಿದೇ ಹೇಳುದಲ್ವಾ? ಬಿಡಿಸಿ ಕೇಳ್ಬೇಕು ಅಂತ ನನಗೆ ಕನಸು ಬೀಳ್ತದಾ?"

"ಒಂದು ಪ್ರಶ್ನೆ! ಇನ್ನೊಂದು ಪ್ರಶ್ನೆ ಕೇಳಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು? ರಾಖಿ ಹುಡುಕಿ ತರ್ಲಿಕ್ಕೆ ಮಾತ್ರ ಟೈಮ್ ಇತ್ತು ಅಲ್ವಾ ನಿಮಗೆ?"

"ಮಾನಸೀ! ಜನ ನೋಡ್ತಾರೆ."

"ನೋಡ್ಲಿ!"

ಅವಳಿಗೆ ತನ್ನ ಮೇಲೂ ಮೈ ಉರಿಯಿತು. ಕೌಂಟರಿನಲ್ಲಿ ಅವನ ಎದೆಯ ಮೇಲೆ ತೂಗುತ್ತಿದ್ದ ಬಿಲ್ಲೆಯಲ್ಲಿ ಜಯೇಶ್ ದಯಾನಂದ ಸಾಲ್ಯಾನ್ ಎಂದೇ ಇತ್ತು, ದಿನಾ ಓದುತ್ತಿದ್ದಳು. ಅಡ್ಡಹೆಸರಿನ ಪ್ರಕಾರ ಅಪ್ಪ ಸಾಲ್ಯಾನ್, ಅವನು ಹೇಳಿದ ಬರಿಯ ಪ್ರಕಾರ ಅಮ್ಮನೂ ಸಾಲ್ಯಾನ್, ಹಾಗಿದ್ದರೆ ಅವರಿಬ್ಬರಿಗೆ ಮದುವೆಯೇ ಆಗುತ್ತಿರಲಿಲ್ಲವಲ್ಲ ಎಂದು ಹೊಳೆಯಬೇಕಿತ್ತು. ಆಫೀಸಿನಲ್ಲಿ ಇಡೀ ದಿನ ಬೇರೆಯವರ ಲೆಕ್ಕದ ತಪ್ಪು ಹಿಡಿಯುವವಳು ಅವಳು. ಅತ್ತು ಅತ್ತು ತಲೆ ಕೆಡಿಸಿಕೊಂಡಿದ್ದಳೇ ಹೊರತು ತಲೆ ಓಡಿಸಿರಲಿಲ್ಲ.

ಅವಳು ಎದ್ದಳು. ಕೈಯಲ್ಲಿದ್ದ ಅರ್ಧ ಪಫ್ ಸಮೇತ ಮತ್ತೆ ಕೋಟೆಯ ಏರು ಹತ್ತತೊಡಗಿದಳು.

ಜಯೇಶ್ ತಟ್ಟೆಯನ್ನು ಕುಶಲನ ಕೈಗೆ ಕೊಟ್ಟ. "ಭಾಯ್, ಏಕ್ ಮಿನಿಟ್," ಎಂದು ಏಪ್ರನ್ನಿನಲ್ಲೇ ಅವಳ ಹಿಂದೆ ಓಡಿದ.

ಬುರುಜಿನ ಮೇಲೆ, ಖಾಡಿಗೆ ಬೆನ್ನು ಮಾಡಿ, ಅವಳು ಕಾಯುತ್ತಿದ್ದಳು.

"ನಿನಗೆ ಗೊತ್ತಿತ್ತಾ?"

ಅವನು ಹುಬ್ಬಿನ ಮೇಲಿನ ಮೈದಾ ಒರೆಸಿಕೊಂಡ.

"ಕೇಳಿದ್ದಕ್ಕೆ ಉತ್ತರ ಕೊಡು. ಕೆಳಗೆ ನಿನ್ನ ಮುಖದಲ್ಲಿ ಆಶ್ಚರ್ಯ ಇರಲಿಲ್ಲ. ಗೊತ್ತಿತ್ತಾ?"

"ಗೊತ್ತಿತ್ತು. ದೀಪಾವಳಿಯಿಂದ. ಮಮ್ಮಿಯ ಫೋಟೋಗೆ ಹೂ ಹಾಕುವಾಗ ಪಪ್ಪಾ ಬಂಗೇರರ ಮನೆ ಅಂದ್ರು. ನಾನು ಕೇಳಿದೆ, ತಬ್ ಜಾಕೇ, ಆಗ ಹೇಳಿದ್ರು, ಬರಿ ಅಮ್ಮಂದು ಅಂತ."

"ದೀಪಾವಳಿ!" ಅವಳ ದನಿ ಕಮಾನಿನ ಕೆಳಗಿದ್ದವರಿಗೂ ಕೇಳಿಸಿತು. "ಈಗ ಫೆಬ್ರವರಿ. ಫೋನ್ ಇರಲಿಲ್ವಾ ನಿನ್ನ ಹತ್ರ?"

"ನೀನು ಬ್ಲಾಕ್ ಮಾಡಿದ್ದೆ."

"ಡೊಂಬಿವಲಿಗೆ ಟ್ರೇನ್ ಇರಲಿಲ್ವಾ?"

"ಬಂದಿದ್ದೆ."

ಅವಳು ತಟಕ್ಕನೆ ಅವನ ಮುಖ ನೋಡಿದಳು.

"ನಿಮ್ಮ ಬಿಲ್ಡಿಂಗ್ ಕೆಳಗೆ ಬಂದೆ. ಮೇಲೆ ಹತ್ಲಿಕ್ಕೆ ಆಗ್ಲಿಲ್ಲ." ಅವನು ಪದ ಹುಡುಕುತ್ತಿದ್ದ. ಅವಳೊಡನೆ ಮಾತಾಡುವಾಗ ಮಾತ್ರ ಬಳಸುತ್ತಿದ್ದ ಕನ್ನಡ, ಒಂದೂವರೆ ವರ್ಷದಲ್ಲಿ ತುಕ್ಕು ಹಿಡಿದಿತ್ತು. "ಬರಿ ತಪ್ಪು ಹೇಳಿದ್ದು ಮಿಸ್ಟೇಕ್. ಅದು ಸರಿ ಮಾಡ್ಬಹುದು. ಕೈ ಚಾಚಿದ್ದು ಮಿಸ್ಟೇಕ್ ಅಲ್ಲ ಮಾನಸಿ. ಅದು ಹೆದರಿಕೆ. ಎಲ್ಲರೂ ನೋಡ್ತಿದ್ರು, ನಾನು ಹೆದರಿದೆ. ಬಂಗೇರ ಅಂತ ಹೇಳಿದ್ರೆ ಅದು ಸರಿ ಆಗ್ತದಾ?"

"ಇಲ್ಲ," ಎಂದಳು ಮಾನಸಿ.

"ಗೊತ್ತುಂಟು. ಅದಕ್ಕೇ ಹತ್ಲಿಲ್ಲ."

ಗಾಳಿಗೆ ಅವಳ ಕೂದಲು ಮುಖಕ್ಕೆ ಹಾರಿತು. ಅವನ ಕೈ ತನ್ನಷ್ಟಕ್ಕೆ ಏಳಹೊರಟು, ಅವಳ ನೋಟ ತಗುಲಿ ಏಪ್ರನ್ನಿನ ಜೇಬಿಗೆ ಹೋಯಿತು. ಅದನ್ನು ಅವಳು ನೋಡಿದಳು. ನೋಡಲಿಲ್ಲವೆಂಬಂತೆ ಖಾಡಿಯ ಕಡೆ ತಿರುಗಿದಳು.

"ಮತ್ತೆ ಇಲ್ಲಿ ಅಂಗಡಿ ಯಾಕೆ?"

"ರಿಪೇರಿ ಮುಗಿದ್ಮೇಲೆ ಬರೋಣ ಅಂದಿದ್ದೆ ನೀನು. ಬೇಕರಿ ಇದ್ರೆ ಚೆಂದ ಅಂದಿದ್ದೆ."

"ಅಂದ್ರೆ ನಾನಾಗೇ ಬರ್ಲಿ ಅಂತ ಕಾಯ್ತಾ ಕೂತೆ. ಗಂಡನ ಜೊತೆ ಬಂದಿದ್ರೆ? ಮಗು ಎತ್ತಿಕೊಂಡು ಬಂದಿದ್ರೆ? ಆಗ ಏನು ಮಾಡ್ತಿದ್ದೆ?"

ಅವನು ಯೋಚಿಸಿ ಪ್ರಾಮಾಣಿಕವಾಗಿ ಹೇಳಿದ. "ಮಗುವಿಗೆ ಮಾವಾ ಕೇಕ್ ಕೊಡ್ತಿದ್ದೆ. ಪಫ್‌ನಲ್ಲಿ ಮೆಣಸು ಉಂಟಲ್ಲ, ಖಾರ ಆಗ್ತದೆ."

ಅವನನ್ನು ಬುರುಜಿನಿಂದ ಕೆಳಗೆ ನೂಕಬೇಕೆನ್ನಿಸಿತು. ಅದೇ ಹೊತ್ತಿಗೆ ತುಟಿಯ ತುದಿ ಅವಳ ಮಾತು ಕೇಳದೆ ಅಲುಗಿತು. ಅದನ್ನು ಮುಚ್ಚಿಕೊಳ್ಳಲು ಅವಳು ಕೈಯಲ್ಲಿದ್ದ ಪಫ್ ಕಚ್ಚಿದಳು.

"ಎಳ್ಳು ಹೆಚ್ಚು ಹುರಿದಿದ್ದೀಯ," ಎಂದಳು ಬಾಯಿ ತುಂಬಿಕೊಂಡು. "ಕಹಿ ಬಂದಿದೆ. ಕದ್ದ ಮೇಲೆ ಸರಿಯಾಗಿ ಮಾಡ್ಬೇಕು."

"ಹೇಳಿಕೊಡುವವರು ಬ್ಲಾಕ್ ಮಾಡಿದ್ರಲ್ಲ."

"ಮಾತು ಬೇಡ."

"ಓಕೆ."

"ಸುಮ್ಮನೂ ಇರ್ಬೇಡ! ನೀನು ಸುಮ್ಮನಿದ್ದೇ ಇಷ್ಟೆಲ್ಲ ಆದದ್ದು." ಈಗ ಅವಳ ಕಣ್ಣು ತುಂಬಿತ್ತು, ದನಿಯಲ್ಲಿ ಮಾತ್ರ ಬೆಂಕಿ ಹಾಗೇ ಇತ್ತು. "ನನಗೆ ಬರಿ ಬೇಕಾಗಿರಲಿಲ್ಲ ಜಯೇಶ್. ನೀನು ಎದ್ದು ನಿಂತು ಒಂದೇ ಒಂದು ಸಲ ಇಲ್ಲ ಅನ್ಬೇಕಿತ್ತು. ಅಷ್ಟೇ. ಆಮೇಲೆ ಬೇಕಾದ್ರೆ ನಾವಿಬ್ಬರೂ ಅಳ್ತಾ ಬೇರೆ ಆಗಬಹುದಿತ್ತು. ನಾನು ನಿನ್ನನ್ನ ಜೀವ ಇರೋವರೆಗೆ ಪ್ರೀತಿಯಿಂದ ನೆನಪಿಟ್ಟುಕೊಳ್ತಿದ್ದೆ. ಅದನ್ನೂ ಹಾಳು ಮಾಡಿದೆ ನೀನು."

ಅವನು ಏ‌ನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಕೆಳಗಿನಿಂದ ದೊಡ್ಡಮ್ಮನ ಕೂಗು ಕೇಳಿಸಿತು. "ಮಾನಸೀ! ಕುಶಲನ ತಾಯಿಯದ್ದು ಫೋನ್ ಮೇಲೆ ಫೋನು!"

ಇಳಿಯುವಾಗ ಇಬ್ಬರ ನಡುವೆ ನಾಲ್ಕು ಜನ ನಡೆಯುವಷ್ಟು ಜಾಗವಿತ್ತು.

ಬೇಕರಿಯ ಮುಂದೆ ದೊಡ್ಡಮ್ಮ ಫೋನನ್ನು ಎದೆಗೊತ್ತಿಕೊಂಡು ನಿಂತಿದ್ದರು. ಇಷ್ಟು ಹೊತ್ತಿಗೆ ಅವರು ದಯಾನಂದರಿಗೆ ಹಿಂದಿನ ಕತೆಯನ್ನೆಲ್ಲ ಹೇಳಿ ಮುಗಿಸಿದ್ದರು. ದಯಾನಂದ ದಾರ ಕಟ್ಟುವುದನ್ನು ನಿಲ್ಲಿಸಿ, ಮಗ ತನಗೊಂದು ಮಾತೂ ಹೇಳದೆ ನುಂಗಿಕೊಂಡದ್ದನ್ನು ಯೋಚಿಸುತ್ತ ಕೂತಿದ್ದರು. ಕುಶಲ ಜಯೇಶ್ ಕೊಟ್ಟ ತಟ್ಟೆಯನ್ನು ಇನ್ನೂ ಹಿಡಿದುಕೊಂಡೇ ಇದ್ದ.

"ನೋಡು ಜಯೇಶ," ದೊಡ್ಡಮ್ಮ ಮೆತ್ತಗೆ ಶುರು ಮಾಡಿದರು. "ಆದದ್ದು ಆಯ್ತು, ತಪ್ಪು ನನ್ನದೂ ಉಂಟು. ಆದ್ರೆ ಈಗ ಅವರಿಗೆ ಮಾತು ಕೊಟ್ಟು ಆಗಿದೆ, ಹುಡುಗ ಇಷ್ಟು ದೂರ ಬಂದಿದ್ದಾನೆ. ನಾನು ಎಂಥ ಮುಖ ಇಟ್ಕೊಂಡು ಬೇಡ ಹೇಳುದು? ಆವತ್ತು ನೀನು ಎಷ್ಟು ಮರ್ಯಾದೆಯಿಂದ ಒಪ್ಪಿದೆ. ಇವತ್ತೂ ಸ್ವಲ್ಪ..."

ಮಾತು ಮುಗಿಯುವ ಮೊದಲೇ ಮಾನಸಿ ಗಲ್ಲಾದ ಮೇಲಿದ್ದ ಉಂಡೆಯಿಂದ ಒಂದು ಗೇಣು ಕೆಂಪು ದಾರ ಹರಿದಳು. ಎರಡೂ ತುದಿ ಹಿಡಿದು ಜಯೇಶನ ಎದುರು ನಿಂತಳು.

"ಕೇಳಿಸ್ತಲ್ಲ? ದೊಡ್ಡಮ್ಮ ಹೇಳ್ತಿದ್ದಾರೆ. ಚಾಚು ಕೈ."

ಬೇಕರಿಗೆ ಬಂದಿದ್ದ ಗಿರಾಕಿಗಳೂ ತಿನ್ನುವುದು ನಿಲ್ಲಿಸಿದ್ದರು. ಜಯೇಶ್ ದಾರವನ್ನು ನೋಡಿದ, ದೊಡ್ಡಮ್ಮನನ್ನು ನೋಡಿದ, ಅಪ್ಪನನ್ನು ನೋಡಿದ.

ಆಮೇಲೆ ಅವನು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ.

"ಇಲ್ಲ," ಎಂದ.

"ಏನು?"

"ಇಲ್ಲ. ಚಾಚೂದಿಲ್ಲ." ಅವನು ದೊಡ್ಡಮ್ಮನ ಕಡೆ ತಿರುಗಿದ. ಹಿಂದಿ ಬಾಯಿಗೆ ಬಂದದ್ದನ್ನು ನುಂಗಿ, ಒಂದೊಂದೇ ಕನ್ನಡ ಪದವನ್ನು ಎತ್ತಿಟ್ಟ. "ದೊಡ್ಡಮ್ಮ, ಆವತ್ತು ನಾನು ಮರ್ಯಾದೆಗೆ ಒಪ್ಪಿದ್ದಲ್ಲ. ಹೆದರಿ ಒಪ್ಪಿದ್ದು. ಈಗ ಬಂಗೇರ ಅಂತ ಗೊತ್ತಾಯ್ತು, ಅದಕ್ಕೆ ಹೇಳೂದಲ್ಲ. ನಾನು ನಿಜವಾಗ್ಲೂ ಸಾಲ್ಯಾನೇ ಆಗಿದ್ರೂ ಇವತ್ತು ಕೈ ಚಾಚ್ತಿರ್ಲಿಲ್ಲ. ನನಗೆ ಮಾನಸಿ ಬೇಕು. ನೀವು ಬೈಯಿರಿ, ಹೊಡೀರಿ. ನಾಳೆ ಪಪ್ಪನ ಕರ್ಕೊಂಡು ಮನೆಗೆ ಬರ್ತೇನೆ, ಬಾಗಿಲು ತೆಗೀಲಿಲ್ಲ ಅಂದ್ರೆ ಅಲ್ಲೇ ಕೂತ್ಕೊಳ್ತೇನೆ."

"ಶಿವ ಶಿವಾ," ಎಂದು ದೊಡ್ಡಮ್ಮ ಬೆಂಚಿನ ಮೇಲೆ ಕೂತರು.

ದಯಾನಂದ ಎದ್ದು ಬಂದು ಮಗನ ಪಕ್ಕ ನಿಂತರು. "ನಾಳೆ ಯಾಕೆ? ನಾನು ಇಲ್ಲೇ ಇದ್ದೇನಲ್ಲ ಅಕ್ಕ. ಈಗಲೇ ಕೇಳ್ತೇನೆ."

ಅಷ್ಟರಲ್ಲಿ ಕುಶಲ ತಟ್ಟೆ ಸಮೇತ ಒಂದು ಹೆಜ್ಜೆ ಮುಂದೆ ಬಂದ.

"ಒಂದು ವಿಷಯ ಹೇಳ್ತೇನೆ. ನನಗೂ ಈಗ ಸ್ವಲ್ಪ ಸಿಟ್ಟು ಬರ್ತಾ ಉಂಟು," ಎಂದ. "ನೆರೂಳಿನಿಂದ ಇಲ್ಲಿವರೆಗೆ ಟ್ರಾಫಿಕ್‌ನಲ್ಲಿ ಬಂದದ್ದು. ಆದ್ರೆ ಅಮ್ಮನಿಗೆ ನಾನೇ ಹೇಳ್ತೇನೆ, ಆಂಟಿ. ಹುಡುಗಿ ನನ್ನ ಪ್ರಶ್ನೆಗೆಲ್ಲ ಇಲ್ಲ ಅಂದಳು ಅಂತ. ಸುಳ್ಳೇನಲ್ಲ." ಅವನು ತಟ್ಟೆಯನ್ನು ಗಲ್ಲಾದ ಮೇಲಿಟ್ಟ. "ಇದರಲ್ಲಿದ್ದ ಪಫ್ ಎಲ್ಲ ನನಗೆ ಪ್ಯಾಕ್ ಮಾಡಿ. ಇಷ್ಟು ಹೊತ್ತು ಹಿಡ್ಕೊಂಡವನು ನಾನು."

ದಯಾನಂದ ತಾವೇ ತುಂಬಿಸಿದರು. ದೊಡ್ಡಮ್ಮ ಮುಖ ಒರೆಸಿಕೊಳ್ಳುತ್ತ, ಯಾರ ಮುಖವನ್ನೂ ನೋಡದೆ, "ಬಂಗೇರ, ಉಚ್ಚಿಲದ ಬಂಗೇರ," ಎಂದು ತಮ್ಮಷ್ಟಕ್ಕೆ ಅಂದುಕೊಂಡರು. ಆಮೇಲೆ ಕತ್ತೆತ್ತಿ, "ಅಲ್ಲ ತಮ್ಮಾ, ಯಾವ ಬಂಗೇರರು? ಕೆರೆ ಹತ್ತಿರದವರಾ, ದೇವಸ್ಥಾನದ ಹತ್ತಿರದವರಾ?" ಎಂದು ಕೇಳಿದರು. ಈ ಸಲ ಅವರು ಯಾವ ಪ್ರಶ್ನೆಯನ್ನೂ ಬಿಡುವ ಹಾಗಿರಲಿಲ್ಲ.

ಮಾನಸಿ ಕೈಯಲ್ಲಿದ್ದ ದಾರವನ್ನು ಕುಶಲನ ಡಬ್ಬಿಗೆ ಸುತ್ತಿ ಗಂಟು ಹಾಕಿದಳು. ಕುಶಲ ಡಬ್ಬಿ ತೆಗೆದುಕೊಂಡು, ತಲೆಯಾಡಿಸಿ, ಕಾರಿನ ಕಡೆ ನಡೆದ.

ಜಯೇಶ್ ಇನ್ನೂ ಕೈಗಳನ್ನು ಹಿಂದೆ ಕಟ್ಟಿಕೊಂಡೇ ನಿಂತಿದ್ದ.

"ಈಗ ಬಿಡಬಹುದು," ಎಂದಳು.

"ನಂಬಿಕೆ ಇಲ್ಲ. ಇನ್ನೂ ದಾರ ಉಂಟು ಉಂಡೆಯಲ್ಲಿ."

ಅವಳು ಸುತ್ತಿ ಬಂದು ಅವನ ಬೆನ್ನ ಹಿಂದೆ ನಿಂತಳು. ಒಂದಕ್ಕೊಂದು ಬಿಗಿಯಾಗಿ ಹೆಣೆದುಕೊಂಡಿದ್ದ ಆ ಬೆರಳುಗಳಲ್ಲಿ ಮೈದಾ ಒಣಗಿತ್ತು. ಅವಳು ಒಂದೊಂದೇ ಬೆರಳು ಬಿಡಿಸಿ, ಬಲಗೈಯನ್ನು ತಾನೇ ಎಳೆದು ಹಿಡಿದುಕೊಂಡಳು. ನೋವಾಗುವಷ್ಟು ಬಿಗಿಯಾಗಿ.

"ನನ್ನ ಸಿಟ್ಟು ಇನ್ನೂ ಹೋಗಿಲ್ಲ," ಎಂದಳು.

"ಗೊತ್ತುಂಟು. ಮೂಗು ಕಾಣ್ತಾ ಉಂಟು."

"ಬೆನ್ನು ತಿರುಗಿಸಿ ನಿಂತವನಿಗೆ ನನ್ನ ಮೂಗು ಹೇಗೆ ಕಾಣ್ತದೆ?"

"ನೋಡ್ಬೇಕು ಅಂತ ಇಲ್ಲ," ಎಂದ ಜಯೇಶ್.

ಅವಳು ಆ ಕೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು. ದೊಡ್ಡಮ್ಮ ನೋಡಿದರು, ದಯಾನಂದ ನೋಡಿದರು, ಗಿರಾಕಿಗಳೆಲ್ಲ ನೋಡಿದರು. ಅವಳು ಬಿಡಲಿಲ್ಲ.